ಟೈಲ್ಸ್ ಹಾಕಿಸೋ ಮೊದಲು ನೆಲ ನೋಡಿ

ಟೈಲ್ಸ್ ಬಗ್ಗೆ ಕೊಡಗಿನಿಂದ ಪತ್ರಗಳು ಬರುತ್ತಲೇ ಇರುತ್ತವೆ. ಯಾವ ಬಣ್ಣ, ಯಾವ ಸೈಜ್, ಗ್ಲಾಸಿಯಾ ಮ್ಯಾಟಾ ಅನ್ನೋದಕ್ಕೆ ಅಂಗಡಿಯವರೇ ಉತ್ತರ ಹೇಳಿಬಿಡುತ್ತಾರೆ. ಟೈಲ್ಸ್ ಕೆಳಗಿನ ನೆಲದ ಬಗ್ಗೆ ಮಾತ್ರ ಯಾರೂ ಹೇಳಲ್ಲ. ಅದಕ್ಕೆ ಈ ಸಲ ಅಂಥ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ ಅಜ್ಜನ ಕಾಲದ ಹಂಚಿನ ಮನೆ. ಹಾಲ್‌ಗೂ ಎರಡು ಕೋಣೆಗೂ ರೆಡ್ ಆಕ್ಸೈಡ್ ನೆಲ ಇದೆ. ಅದರ ಮೇಲೆಯೇ 2 ಅಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಹಾಕಿಸೋಣ ಅಂತಿದ್ದೇವೆ. ಮೇಸ್ತ್ರಿ "ನೆಲ ಒಡೆಯೋದೆಲ್ಲ ಬೇಡ, ಸಿಮೆಂಟ್ ನೀರು ಹೊಯ್ದು ಅಂಟಿಸಿಬಿಡೋಣ" ಅಂತಾರೆ. ಪಕ್ಕದ ಮನೆಯವರು ಹಾಗೇ ಮಾಡಿಸಿದ್ದು ಬೇಸಿಗೆಯಲ್ಲಿ ಎದ್ದು ಬಂತು. ಇನ್ನೊಂದು ವಿಷಯ, ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ. ಏನು ಮಾಡೋದು ಸರ್?

ಉತ್ತರ: ಮೊದಲು ಆ ಬೆವರಿನ ವಿಷಯ ನೋಡೋಣ. ಉಳಿದ ತೀರ್ಮಾನವೆಲ್ಲ ಅದರ ಮೇಲೆ ನಿಂತಿದೆ.

ನಮ್ಮ ಕಡೆ ನೆಲ ಒದ್ದೆಯಾಗೋದಕ್ಕೆ ಎರಡು ಕಾರಣ. ಮಳೆ ಶುರುವಾದಾಗ ಗಾಳಿಯಲ್ಲಿ ನೀರಿನ ಪಸೆ ತುಂಬಿರುತ್ತದೆ, ಅದು ತಣ್ಣಗಿನ ನುಣುಪು ನೆಲಕ್ಕೆ ತಾಗಿ ಹನಿಯಾಗುತ್ತದೆ. ಇದು ಗಾಳಿಯಿಂದ ಬಂದ ನೀರು. ಎರಡನೆಯದು ಮಣ್ಣಿನಿಂದ ಮೇಲಕ್ಕೆ ಏರೋ ಪಸೆ. ಹಳೇ ಮನೆಗಳಲ್ಲಿ ಮಣ್ಣು, ಅದರ ಮೇಲೆ ಕಲ್ಲುಚೂರು, ಗಾರೆ, ಆಮೇಲೆ ಆಕ್ಸೈಡ್ ಅಷ್ಟೇ. ನಡುವೆ ನೀರು ತಡೆಯೋಕೆ ಏನೂ ಇರಲ್ಲ. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ. ಮಾಡಬೇಕಾದ ಕೆಲಸ ಮಾತ್ರ ಪೂರಾ ಬೇರೆ.

ಯಾವುದು ಅಂತ ನೀವೇ ಕಂಡುಹಿಡಿಯಬಹುದು. ದಪ್ಪ ಪ್ಲಾಸ್ಟಿಕ್ ಶೀಟನ್ನು 2 ಅಡಿ ಚೌಕಕ್ಕೆ ಕತ್ತರಿಸಿ. ನೆಲವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಫ್ಯಾನ್ ಹಾಕಿ ಆರಿಸಿ, ಶೀಟ್ ಹಾಸಿ ನಾಲ್ಕೂ ಅಂಚಿಗೆ ಅಗಲದ ಟೇಪ್ ಅಂಟಿಸಿ. ಗಾಳಿ ಒಳಗೆ ಹೋಗಬಾರದು. ಹಾಲಿನ ನಡುವೆ ಒಂದು, ಹೊರಗೋಡೆ ಪಕ್ಕ ಒಂದು, ಮನೆ ಹಿಂದೆ ಬರೆ (ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ) ಇದ್ದರೆ ಆ ಕಡೆಯ ಕೋಣೆಯಲ್ಲಿ ಒಂದು ಹಾಕಿ. 24 ಗಂಟೆ ಬಿಟ್ಟು ನೋಡಿ. ಶೀಟಿನ ಮೇಲೆ ಹನಿ ಕೂತು ಕೆಳಗೆ ನೆಲ ಒಣಗಿಯೇ ಇದ್ದರೆ ಅದು ಗಾಳಿಯ ಪಸೆ. ಶೀಟ್ ಎತ್ತಿದಾಗ ಅದರ ಕೆಳಮೈಯಲ್ಲಿ ಹನಿ ಇದ್ದು, ಆ ಚೌಕದಷ್ಟು ನೆಲ ಸುತ್ತಲಿಗಿಂತ ಕಪ್ಪಾಗಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ. ಇದನ್ನು ಮಳೆಗಾಲದಲ್ಲೇ ಮಾಡಬೇಕು. ಮಾರ್ಚಿಯಲ್ಲಿ ಮಾಡಿದರೆ ಕೊಡಗಿನ ಬಹುಪಾಲು ನೆಲ ಒಣಗಿದೆ ಅಂತಲೇ ತೋರಿಸುತ್ತದೆ, ಅದನ್ನು ನಂಬಿಕೊಂಡು ಟೈಲ್ಸ್ ಹಾಕಿಸಿದರೆ ಜುಲೈಯಲ್ಲಿ ಗೊತ್ತಾಗುತ್ತದೆ.

ಮಣ್ಣಿನ ನೀರೇ ಆಗಿದ್ದರೆ ಹಳೇ ನೆಲದ ಮೇಲೆ ಹಾಕಿಸಲೇಬೇಡಿ. ಖರ್ಚು ಜಾಸ್ತಿ ಅಂತ ಗೊತ್ತು, ಆದರೂ ಹೇಳಲೇಬೇಕು. ನೆಲ ತೆಗೆಸಿ. ಮಣ್ಣು ಇಳಿಸಿ ದಿಮ್ಮಸು ಹೊಡೆಸಿ. ಗೆದ್ದಲಿನ ಔಷಧಿ ಹಾಕಿಸೋದು ಈ ಹಂತದಲ್ಲೇ, ಆಮೇಲೆ ಅವಕಾಶ ಸಿಗಲ್ಲ. ಅದರ ಮೇಲೆ ಸೋಲಿಂಗ್, ಅಂದರೆ ಕಲ್ಲು ಜೋಡಿಸಿದ ಪದರ, ಸಂದಿಗೆಲ್ಲ ಸಣ್ಣ ಜಲ್ಲಿ ಮತ್ತು ಹುಡಿ. ಆಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಹಾಳೆಗೆ ಹಾಳೆ ಅರ್ಧ ಅಡಿಯಾದರೂ ಒಂದರ ಮೇಲೊಂದು ಬರಬೇಕು, ಗೋಡೆ ಹತ್ತಿರ ಅಂಚು ಮೇಲಕ್ಕೆ ಮಡಚಿರಬೇಕು. ಅದರ ಮೇಲೆ 4 ಇಂಚು ಕಾಂಕ್ರೀಟ್, 1:3:6 ಲೆಕ್ಕದಲ್ಲಿ (ಸಿಮೆಂಟ್, ಮರಳು, ಜಲ್ಲಿ). ಅಜ್ಜನ ಕಾಲದ ಮನೆ ಅಂದಿದ್ದೀರಿ, ಗೋಡೆ ಮಣ್ಣಿನದ್ದಿರಬಹುದು. ಹಾಗಿದ್ದರೆ ಗೋಡೆಯ ಪಾಯ ಎಷ್ಟು ಆಳಕ್ಕಿದೆ ಅಂತ ಒಂದು ಮೂಲೆಯಲ್ಲಿ ನೋಡಿಕೊಂಡೇ ಅಗೆಯಲು ಬಿಡಿ. ಪಾಯದ ಬುಡ ಬಿಡಿಸಿದರೆ ನೆಲಕ್ಕಿಂತ ದೊಡ್ಡ ತೊಂದರೆ ಆಗುತ್ತದೆ.

ಇನ್ನೂ ಒಂದು ಮಾತಿದೆ, ಇದನ್ನು ಯಾರೂ ಹೇಳಲ್ಲ. ನೆಲಕ್ಕೆ ಪ್ಲಾಸ್ಟಿಕ್ ಹಾಕಿ ನೀರು ಮುಚ್ಚಿದರೆ ಆ ನೀರು ಸುಮ್ನೆ ಕೂರಲ್ಲ, ಗೋಡೆಯ ಬುಡಕ್ಕೆ ಹೋಗುತ್ತದೆ. ಮಣ್ಣಿನ ಗೋಡೆಗೆ ಅದು ಕೆಟ್ಟದ್ದು. ಅದಕ್ಕೆ ಹೊರಗಿನ ಕೆಲಸ ಮೊದಲು ಆಗಲಿ. ಹಂಚಿನ ಸೂರಿನ ನೀರು ಗೋಡೆ ಬುಡಕ್ಕೆ ಬೀಳದಂತೆ ದೋಣಿ ಹಾಕಿಸಿ, ಬರೆ ಕಡೆ ಕಲ್ಲು ಕಟ್ಟಿದ ಚರಂಡಿ ತೆಗೆಸಿ, ಅಂಗಳದ ಮಣ್ಣು ವರ್ಷ ವರ್ಷ ಏರಿ ಒಳಗಿನ ನೆಲದ ಮಟ್ಟಕ್ಕೆ ಬಂದಿದ್ದರೆ ತೆಗೆಸಿ ಕೆಳಗಿಳಿಸಿ. ಇಷ್ಟಕ್ಕೇ ಅರ್ಧ ತೇವ ನಿಂತುಹೋದ ಮನೆಗಳನ್ನು ನಾನು ನೋಡಿದ್ದೇನೆ. ಸಾಧ್ಯವಾದರೆ ಈ ಕೆಲಸ ಮಾಡಿಸಿ ಒಂದು ಮಳೆಗಾಲ ಕಾದು ಮತ್ತೆ ಪ್ಲಾಸ್ಟಿಕ್ ಇಟ್ಟು ನೋಡಿ. ನೆಲ ಒಡೆಯೋ ಖರ್ಚೇ ಉಳಿಯಬಹುದು.

ಗಾಳಿಯ ಪಸೆ ಅಷ್ಟೇ ಅಂತಾದರೆ ನೆಲ ಒಡೆಯಬೇಕಾಗಿಲ್ಲ. ಆದರೆ ಮೇಸ್ತ್ರಿ ಹೇಳಿದ ಹಾಗೆ ಬೇಡ. ಒಂದು ಚಮಚ ನೀರು ನೆಲದ ಮೇಲೆ ಬಿಡಿ. ದುಂಡಗೆ ಹಾಗೇ ನಿಂತರೆ ವರ್ಷಗಟ್ಟಲೆ ಹಚ್ಚಿದ ಮೇಣ, ಎಣ್ಣೆ ಇನ್ನೂ ಇದೆ ಅಂತ ಅರ್ಥ. ನೀರನ್ನೇ ಹೀರದ ನೆಲ ಅಂಟನ್ನು ಹೇಗೆ ಹಿಡಿಯುತ್ತದೆ? ಚಾಣ ಸುತ್ತಿಗೆಯಿಂದ ನೆಲದ ತುಂಬಾ ಒತ್ತೊತ್ತಾಗಿ ಕಚ್ಚು ಹಾಕಿಸಬೇಕು, ಇಲ್ಲ ಗ್ರೈಂಡರ್‌ನಿಂದ ಆ ನುಣುಪು ಪದರವನ್ನೇ ತೆಗೆಸಬೇಕು. ಆಮೇಲೆ ಕೋಲಿನ ತುದಿಯಿಂದ ಇಡೀ ನೆಲ ತಟ್ಟಿಕೊಂಡು ಬನ್ನಿ. ಡಬಡಬ ಅನ್ನೋ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿ ಪದರ ಬಿಟ್ಟಿದೆ, ಅಷ್ಟನ್ನೂ ಕಿತ್ತು ಹೊಸ ಗಾರೆ ತುಂಬಿಸಬೇಕು. ಕೊನೆಗೆ ಗುಡಿಸಿ, ಒದ್ದೆಬಟ್ಟೆಯಲ್ಲಿ ಒರೆಸಿ, ಅಂಗೈ ಉಜ್ಜಿ ನೋಡಿ. ಕೈಗೆ ಹುಡಿ ಹತ್ತಿದರೆ ಇನ್ನೊಂದು ಸಲ ಒರೆಸಿ.

ಸಿಮೆಂಟ್ ನೀರು ಯಾಕೆ ಸಾಲಲ್ಲ ಅಂದರೆ, ವಿಟ್ರಿಫೈಡ್ ಟೈಲ್ಸ್ ನೀರು ಹೀರೋದು 0.5 ಶೇಕಡಾಕ್ಕಿಂತ ಕಡಿಮೆ. ಸಿಮೆಂಟ್ ಹಿಡಿಯೋದು ಸಣ್ಣ ರಂಧ್ರಗಳ ಒಳಗೆ ಇಳಿದು. ಇಲ್ಲಿ ಇಳಿಯೋಕೆ ಜಾಗವೇ ಇಲ್ಲ. ಟೈಲ್ಸ್ ಅಂಟೇ ತನ್ನಿ, ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನಕ) ಅಂತಲೂ ಟೈಪ್ 2 ಅಥವಾ ಅದಕ್ಕಿಂತ ಮೇಲಿನದ್ದು ಅಂತಲೂ ಇದೆಯಾ ನೋಡಿ. ನಿಮ್ಮ ಪಕ್ಕದ ಮನೆಯದ್ದು ಎದ್ದಿದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಸಂದಿ ಕಾಣಬಾರದು ಅಂತ ಟೈಲ್ಸಿಗೆ ಟೈಲ್ಸ್ ತಾಗಿಸಿ ಕೂರಿಸಿದರೆ ಬಿಸಿಲಿಗೆ ಅದು ಹಿಗ್ಗೋಕೆ ಜಾಗ ಸಿಗದೆ ನಡುವೆ ಎದ್ದು ನಿಲ್ಲುತ್ತದೆ. ಟೈಲ್ಸ್ ನಡುವೆ 2-3 ಮಿ.ಮೀ., ಗೋಡೆ ಹತ್ತಿರ 6-8 ಮಿ.ಮೀ. ಸಂದಿ ಬಿಡಿಸಿ. ಗೋಡೆಯ ಸಂದಿ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಒಳಗೆ ಮುಚ್ಚಿಹೋಗುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿ ಇಳಿಜಾರಿನ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಹಿಂದಿನ ಅರ್ಧ ಗುಡ್ಡ ಕಡಿದ ಜಾಗ, ಮುಂದಿನ ಅರ್ಧ ಆ ಮಣ್ಣನ್ನೇ ತುಂಬಿಸಿದ್ದು. ನೆಲದ ಕಾಂಕ್ರೀಟ್ ಆಗಿದೆ. ಹಾಲಿನ ನಡುವೆ ಉದ್ದಕ್ಕೆ ಒಂದು ಕೂದಲೆಳೆ ಬಿರುಕು ಕಾಣುತ್ತಿದೆ. ಕಂಟ್ರಾಕ್ಟರು "ಟೈಲ್ಸ್ ಬಂದರೆ ಮುಚ್ಚಿಹೋಗುತ್ತೆ ಮೇಡಂ" ಅಂದರು.

ಉತ್ತರ: ಮುಚ್ಚಿಹೋಗಲ್ಲ. ಕೆಳಗಿನ ಬಿರುಕು ಅಲ್ಲಾಡುತ್ತಿದ್ದರೆ ಅದೇ ಗೆರೆಯಲ್ಲಿ ಟೈಲ್ಸೂ ಒಡೆಯುತ್ತದೆ.

ನಿಮ್ಮ ಬಿರುಕು ಇರೋ ಜಾಗ ಗಮನಿಸಿ. ಕಡಿದ ಮಣ್ಣು ಮುಗಿದು ತುಂಬಿದ ಮಣ್ಣು ಶುರುವಾಗೋ ಗೆರೆ ಅದೇ ಇರಬೇಕು. ಕಡಿದ ಕಡೆ ನೆಲ ಗಟ್ಟಿ, ಜಗ್ಗಲ್ಲ. ತುಂಬಿದ ಕಡೆ ಮಣ್ಣು ಇಳಿಯುತ್ತಲೇ ಇರುತ್ತದೆ, ಅದರಲ್ಲೂ ಮೊದಲ ಮಳೆಗಾಲದ ನೀರು ಕುಡಿದಾಗ. ತುಂಬುವಾಗ ಅರ್ಧರ್ಧ ಅಡಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಿಮ್ಮಸು ಇಲ್ಲ ಯಂತ್ರ ಹೊಡೆದಿದ್ದರೆ ಕಡಿಮೆ ಇಳಿಯುತ್ತದೆ. ಜೆಸಿಬಿಯಲ್ಲಿ ಒಂದೇ ಸಲ ತಳ್ಳಿ ಮೇಲೆ ಓಡಾಡಿಸಿದ್ದರೆ ಜಾಸ್ತಿ. ಹೇಗೆ ತುಂಬಿದ್ದು ಅಂತ ನೆನಪು ಮಾಡಿಕೊಳ್ಳಿ.

ಈಗ ಒಂದು ಪೆನ್ಸಿಲ್ ತಗೊಂಡು ಬಿರುಕಿನ ಎರಡೂ ತುದಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಎರಡು ಮೂರು ಕಡೆ ಬಿರುಕಿನ ಮೇಲೆ ತೆಳ್ಳಗೆ ಸಿಮೆಂಟ್ ಬಳಿಯಿರಿ, ಅಲ್ಲಿಯೂ ತಾರೀಕು ಹಾಕಿ. ತಿಂಗಳಿಗೊಮ್ಮೆ ನೋಡಿ. ಒಂದು ಮಳೆಗಾಲ ದಾಟಿದ ಮೇಲೂ ಗೆರೆ ಮುಂದಕ್ಕೆ ಹೋಗಿಲ್ಲ, ಬಳಿದದ್ದು ಒಡೆದಿಲ್ಲ ಅಂದರೆ ಬಿರುಕನ್ನು ಅಗಲ ಮಾಡಿ ತುಂಬಿಸಿ ಟೈಲ್ಸ್ ಹಾಕಿಸಬಹುದು. ಆಗಲೂ ಆ ಗೆರೆಯ ಮೇಲೆಯೇ ಟೈಲ್ಸಿನ ಸಂದಿ ಬರುವಂತೆ ಹೊಂದಿಸಿ, ಆ ಸಂದಿಗೆ ಸಿಮೆಂಟ್ ಗ್ರೌಟ್ ಬದಲು ರಬ್ಬರಿನ ಹಾಗೆ ಎಳೆದಾಡೋ ಸೀಲೆಂಟ್ ಹಾಕಿಸಿ.

ಬಿರುಕು ಬೆಳೆದರೆ, ಒಂದು ಕಡೆ ನೆಲ ಕೆಳಗಿಳಿದು ಕಾಲಿಗೆ ಮೆಟ್ಟಿಲಿನ ಹಾಗೆ ತಾಗಿದರೆ, ಇಲ್ಲ ಮುಂದಿನ ತಡೆಗೋಡೆ ಸ್ವಲ್ಪವಾದರೂ ಹೊರಗೆ ವಾಲಿದ ಹಾಗೆ ಕಂಡರೆ ಅದು ಟೈಲ್ಸಿನವರ ಕೆಲಸ ಅಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಜರಿದದ್ದನ್ನು ನಾವೆಲ್ಲ ನೋಡಿದ್ದೇವೆ. ತಡ ಮಾಡದೆ ಕಟ್ಟಡದ ಲೆಕ್ಕ ಗೊತ್ತಿರುವ ಎಂಜಿನಿಯರನ್ನು ಕರೆಸಿ, ತಡೆಗೋಡೆಯಿಂದ ನೀರು ಹೊರಬರೋ ತೂತುಗಳು ತೆರೆದಿವೆಯಾ ನೋಡಿಸಿ. ಅಲ್ಲಿಯವರೆಗೆ ಟೈಲ್ಸ್ ದುಡ್ಡು ಹಾಗೇ ಇಟ್ಟುಕೊಳ್ಳಿ ಮೇಡಂ.

ಪ್ರಶ್ನೆ: ಸುಂಟಿಕೊಪ್ಪದಲ್ಲಿ ಹೊಸ ಮನೆ. ನೆಲದ ಕಾಂಕ್ರೀಟ್ ಹಾಕಿ ಹತ್ತು ದಿನ ಆಯ್ತು. ಹುತ್ತರಿ ಹಬ್ಬಕ್ಕೆ ಮೊದಲು ಟೈಲ್ಸ್ ಮುಗಿಸಬೇಕು ಅಂತ ಮನೆಯವರ ಆಸೆ. ಈಗಲೇ ಶುರು ಮಾಡಬಹುದಾ?

ಉತ್ತರ: ಬೇಡ. ಕಾಂಕ್ರೀಟ್ ಪೂರ್ತಿ ಗಟ್ಟಿಯಾಗೋಕೆ 28 ದಿನ ಅನ್ನೋದು ಲೆಕ್ಕ. ಮೊದಲ ಏಳು ದಿನ, ಸಾಧ್ಯವಾದರೆ ಹತ್ತು ದಿನ, ನೀರು ನಿಲ್ಲಿಸಿ ನೆನೆಸಬೇಕು. ಉಳಿದ ದಿನಗಳಲ್ಲಿ ಅದು ಒಣಗುತ್ತಾ ಸ್ವಲ್ಪ ಕುಗ್ಗುತ್ತದೆ. ಕುಗ್ಗೋದು ಮುಗಿಯೋ ಮೊದಲೇ ಟೈಲ್ಸ್ ಅಂಟಿಸಿದರೆ ಅಂಟು ಬಿಡುತ್ತದೆ. ಮಂಜು ಮುಸುಕಿ ಬಿಸಿಲೇ ಬಾರದ ದಿನಗಳಿದ್ದರೆ ಇನ್ನೂ ಒಂದೆರಡು ವಾರ ಸೇರಿಸಿಕೊಳ್ಳಿ, ಕಿಟಕಿ ತೆಗೆದಿಡಿ. ಮೇಲೆ ಹೇಳಿದ ಪ್ಲಾಸ್ಟಿಕ್ ಶೀಟ್ ಪರೀಕ್ಷೆ ಇಲ್ಲಿಗೂ ಆಗುತ್ತದೆ.

ಪ್ರಶ್ನೆ: ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಹಳೇ ಸಿಮೆಂಟ್ ನೆಲ ಅಲ್ಲಲ್ಲಿ ಉಬ್ಬು ತಗ್ಗು. ಟೈಲ್ಸ್ ಕೂರಿಸುವಾಗ ಅಂಟು ದಪ್ಪ ಹಾಕಿ ಸರಿ ಮಾಡಿಕೊಂಡರೆ ಸಾಲದಾ?

ಉತ್ತರ: ಅಂಟು ಇರೋದು ಅಂಟಿಸೋಕೆ, ತಗ್ಗು ತುಂಬೋಕೆ ಅಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಒಣಗುವಾಗ ಬೇರೆ ಬೇರೆ ತರ ಕುಗ್ಗಿ ಟೈಲ್ಸಿನ ಮೂಲೆ ಮೇಲೇಳುತ್ತದೆ, ನಡೆಯುವಾಗ ಹೆಬ್ಬೆರಳಿಗೆ ತಾಗುತ್ತದೆ.

10 ಅಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ ಮೇಸ್ತ್ರಿ ಹತ್ತಿರ ಇದ್ದೇ ಇರುತ್ತದೆ. ಅದನ್ನು ನೆಲದ ಮೇಲೆ ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗಿನಿಂದ ಬೆಳಕು ಎಲ್ಲಿ ತೂರಿ ಬರುತ್ತದೆ ನೋಡಿ. ಒಂದೂಕಾಲು ಅಡಿಗಿಂತ ದೊಡ್ಡ ಟೈಲ್ಸ್ ಆದರೆ ಆ 10 ಅಡಿಯಲ್ಲಿ ಸಂದಿ 3 ಮಿ.ಮೀ. ದಾಟಬಾರದು. ಸಣ್ಣ ಟೈಲ್ಸಿಗೆ 6 ಮಿ.ಮೀ. ತನಕ ನಡೆಯುತ್ತದೆ. ನೆಲ ಒಟ್ಟಾಗಿ ಒಂದು ಕಡೆಗೆ ಚೂರು ವಾಲಿದ್ದರೂ ಟೈಲ್ಸ್ ಕೂರುತ್ತದೆ. ಉಬ್ಬು ತಗ್ಗು ಇದ್ದರೆ ಕೂರಲ್ಲ, ಅದರಲ್ಲೂ ಈಗ ಎಲ್ಲರೂ ಕೇಳೋ 4x2 ಅಡಿಯ ಟೈಲ್ಸ್ ಖಂಡಿತ ಕೂರಲ್ಲ.

ಉಬ್ಬನ್ನು ಗ್ರೈಂಡರ್‌ನಲ್ಲಿ ಉಜ್ಜಿಸಿ. ತಗ್ಗು ಕೆಲವೇ ಮಿ.ಮೀ. ಇದ್ದರೆ ತಾನೇ ಹರಿದು ಮಟ್ಟ ಆಗೋ ಸೆಲ್ಫ್ ಲೆವೆಲಿಂಗ್ ಮಿಶ್ರಣ ಸಿಗುತ್ತದೆ, ದುಬಾರಿ, ಆದರೆ ಸಣ್ಣ ಜಾಗಕ್ಕೆ ಒಳ್ಳೆಯದು. ಇಡೀ ನೆಲವೇ ಹಾಗಿದ್ದರೆ ಹಳೇ ನೆಲಕ್ಕೆ ಕಚ್ಚು ಹಾಕಿ, ಸಿಮೆಂಟ್ ಸ್ಲರಿ ಬಳಿದು, ಅದು ಹಸಿ ಇರುವಾಗಲೇ 1:4 ಗಾರೆಯ (ಸಿಮೆಂಟ್ 1, ಮರಳು 4) ಪದರ ಎಳೆಸಿ. ಕಡಿಮೆ ಅಂದರೂ 1 ಇಂಚು ಇರಲಿ, ಅದಕ್ಕಿಂತ ತೆಳ್ಳಗೆ ಎಳೆದ ಗಾರೆ ನಿಲ್ಲಲ್ಲ. ಹಾಗೆ ಮಾಡಿದಾಗ ನೆಲ ಏರುತ್ತದೆ, ಅದಕ್ಕೆ ಬಾಗಿಲು ತೆಗೆಯೋಕೆ ಆಗುತ್ತಾ, ಹೊಸ್ತಿಲು ಎಷ್ಟು ಉಳಿಯುತ್ತದೆ ಅಂತ ಮೊದಲೇ ಅಳೆದುಕೊಳ್ಳಿ.

ಪ್ರಶ್ನೆ: ಪೊನ್ನಂಪೇಟೆಯ ಹಳೇ ಮನೆಯಲ್ಲಿ ಮೇಲಿನ ಮಹಡಿಯದ್ದು ಹಲಗೆ ನೆಲ. ಮಕ್ಕಳು ಅದನ್ನು ಮಲಗೋ ಕೋಣೆ ಮಾಡಿಕೊಂಡು ಟೈಲ್ಸ್ ಹಾಕಿಸಬೇಕು ಅಂತಿದ್ದಾರೆ.

ಉತ್ತರ: ಹಾಕಿಸಬೇಡಿ ಅಂತ ನನ್ನ ಸಲಹೆ. ತೂಕದ ಲೆಕ್ಕ ನೋಡಿ. 40 ಮಿ.ಮೀ. ಗಾರೆ ಒಂದು ಚದರ ಅಡಿಗೆ 7 ಕೆ.ಜಿ.ಗಿಂತ ಮೇಲೆ, ಟೈಲ್ಸ್ ಹತ್ತಿರ ಹತ್ತಿರ 2 ಕೆ.ಜಿ. 10x12 ಅಡಿಯ ಕೋಣೆಗೆ 1 ಟನ್ ದಾಟುತ್ತದೆ. ಮಂಚ, ಬೀರು, ಜನ ಎಲ್ಲ ಅದರ ಮೇಲೆ. ಆ ತೊಲೆಗಳನ್ನು ಹಿಂದಿನವರು ಇಷ್ಟು ತೂಕಕ್ಕೆ ಅಂತ ಇಟ್ಟಿರಲಿಲ್ಲ. ಜೊತೆಗೆ ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ನಡೆದಾಗ ಜಗ್ಗುತ್ತದೆ. ಟೈಲ್ಸಿಗೆ ಈ ಮೂರೂ ಆಗಿಬರಲ್ಲ. ತೊಲೆ ಗಟ್ಟಿ ಮಾಡಿ ಮೇಲೆ ಸಿಮೆಂಟ್ ಬೋರ್ಡ್ ಬಡಿದು ತೆಳ್ಳಗಿನ ಅಂಟಿನಲ್ಲಿ ಹಾಕೋ ಕ್ರಮ ಇದೆ. ಅದಕ್ಕೆ ಮೊದಲು ತೊಲೆಗಳನ್ನು ಎಂಜಿನಿಯರ್ ನೋಡಿ ಲೆಕ್ಕ ಹಾಕಬೇಕು. ಹಲಗೆಯನ್ನೇ ಉಜ್ಜಿ ಪಾಲಿಷ್ ಹಾಕಿಸಿದರೆ ಚೆಂದವೂ ಆಗುತ್ತದೆ, ಚಳಿಗಾಲದಲ್ಲಿ ಮಕ್ಕಳ ಕಾಲಿಗೂ ಬೆಚ್ಚಗಿರುತ್ತದೆ.

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮ ಬಡಾವಣೆಗೆ ಹೊಳೆ ನೀರು ನುಗ್ಗಿತ್ತು. ಆಮೇಲಿಂದ ಟೈಲ್ಸ್ ಕೆಲವು ಕಡೆ ಟೊಳ್ಳು ಶಬ್ದ ಬರುತ್ತಿದೆ. ಹಳೇ ಟೈಲ್ಸ್ ಮೇಲೆ ಹೊಸ ಟೈಲ್ಸ್ ಹಾಕಬಹುದು ಅಂತಾರಲ್ವಾ?

ಉತ್ತರ: ಹಾಕಬಹುದು, ಕೆಳಗಿನ ಟೈಲ್ಸ್ ಎಲ್ಲವೂ ಗಟ್ಟಿಯಾಗಿ ಕೂತಿದ್ದರೆ ಮಾತ್ರ. ನಿಮ್ಮಲ್ಲಿ ಆ ಪರಿಸ್ಥಿತಿ ಇಲ್ಲ. ನೆರೆ ನೀರು ಬಂದ ನೆಲದಲ್ಲಿ ಟೈಲ್ಸ್ ಕೆಳಗಿನ ಗಾರೆ ನೆನೆದು ಸಡಿಲ ಆಗಿರುತ್ತದೆ, ಸಂದಿಯಲ್ಲಿ ಹೂಳು ಸೇರಿರುತ್ತದೆ. ಟೊಳ್ಳು ಇರೋದನ್ನೆಲ್ಲ ಕಿತ್ತು ಕೆಳಗಿನ ಕಾಂಕ್ರೀಟ್ ತನಕ ಹೋಗಿ. ಹೂಳು ತೊಳೆದು, ಬೇಸಿಗೆ ಪೂರ್ತಿ ಒಣಗಲು ಬಿಟ್ಟು ಆಮೇಲೆ ಹಾಕಿಸಿ. ಕಾಂಕ್ರೀಟಿನ ಕೆಳಗೆ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿದೆಯಾ ಅಂತಲೂ ಸುತ್ತಿಗೆಯಿಂದ ತಟ್ಟಿ ನೋಡಿಸಿ.

ಪ್ರಶ್ನೆ: ನಮ್ಮ ಐನ್‌ಮನೆ (ಕುಲದ ಮೂಲಮನೆ) ವಿರಾಜಪೇಟೆ ಹತ್ತಿರ. ನೆಲ್ಲಕ್ಕಿ ನಡುಬಾಡೆಯ (ದೀಪ ಇಡೋ ನಡುಮನೆಯ) ರೆಡ್ ಆಕ್ಸೈಡ್ ಬಿರುಕು ಬಿಟ್ಟಿದೆ. ಒಕ್ಕದ (ಕುಲದ) ಕೆಲವರು ಟೈಲ್ಸ್ ಹಾಕಿಸೋಣ ಅಂತಾರೆ, ಹಿರಿಯರಿಗೆ ಇಷ್ಟ ಇಲ್ಲ. ನೀವೇನಂತೀರಿ?

ಉತ್ತರ: ಒಕ್ಕದ ತೀರ್ಮಾನ ನಿಮ್ಮದು. ನೆಲದ ಬಗ್ಗೆ ಕೇಳಿದರೆ ಹಿರಿಯರ ಕಡೆಯೇ ನನ್ನ ಮಾತು. ಬಿರುಕು ಬಿಟ್ಟ ಆಕ್ಸೈಡ್ ರಿಪೇರಿ ಆಗುತ್ತದೆ. ಅದನ್ನು ಕೊಚ್ಚಿ ಟೈಲ್ಸ್ ಹಾಕಿದ ಮೇಲೆ ಮತ್ತೆ ಹಿಂದಿನ ನೆಲ ಸಿಗಲ್ಲ. ಆ ಮನೆಗೆ ಅದು ದೊಡ್ಡ ನಷ್ಟ ಅಂತ ನಾನು ಮನಸಾರೆ ನಂಬಿದ್ದೇನೆ.

ಬಿರುಕನ್ನು ಚೂಪು ಉಳಿಯಿಂದ ಬಾಯಿ ಅಗಲ ಮಾಡಿ, ಹುಡಿ ತೆಗೆದು, ಒದ್ದೆ ಮಾಡಿ, ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ ತುಂಬಬೇಕು. ಕರಣೆಯಲ್ಲಿ ಒತ್ತಿ ಒತ್ತಿ ನುಣುಪು ಮಾಡೋದೇ ಅಲ್ಲಿ ಮುಖ್ಯ. ಆ ಕೈ ಇರೋ ಹಳೇ ಗಾರೆಯವರು ಈಗ ಕಡಿಮೆ, ಹುಡುಕಿ ಕರೆಸಿ. ಬೆರಕೆಯನ್ನು ಮೊದಲು ಒಂದು ಹಂಚಿನ ಚೂರಿನ ಮೇಲೆ ಹಚ್ಚಿ ಒಣಗಿಸಿ ಬಣ್ಣ ನೋಡಿ, ಹಸಿ ಇದ್ದಾಗ ಕಾಣೋ ಬಣ್ಣ ಒಣಗಿದಾಗ ಇರಲ್ಲ. ಎಷ್ಟು ಮಾಡಿದರೂ ಸ್ವಲ್ಪ ಗೆರೆ ಕಾಣುತ್ತದೆ, ವರ್ಷಗಳು ಕಳೆದಂತೆ ಕಡಿಮೆಯಾಗುತ್ತದೆ. ಒಂದು ವಾರ ಒದ್ದೆ ಗೋಣಿಚೀಲ ಹಾಸಿ ನೆನೆಸಿ, ಪೂರ್ತಿ ಒಣಗಿದ ಮೇಲೆ ಮೇಣ ಹಚ್ಚಿ. ಅಲ್ಲೂ ಬಿರುಕು ಬರಲು ಕಾರಣ ಕೆಳಗಿನ ತೇವವಾ, ಮಣ್ಣು ಇಳಿದಿದ್ದಾ ಅಂತ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಗೋಣಿಕೊಪ್ಪಲು. ಸ್ನಾನದ ಮನೆಯ ನೆಲಕ್ಕೆ ಬೇರೆ ತಯಾರಿ ಬೇಕಾ?

ಉತ್ತರ: ಬೇಕು. ಇಳಿಜಾರನ್ನು ಟೈಲ್ಸ್ ಹಾಕುವಾಗ ಮಾಡೋದಲ್ಲ, ಕೆಳಗಿನ ಗಾರೆಯಲ್ಲೇ ಮಾಡಿಸಿ. 4 ಅಡಿಗೆ ಅರ್ಧ ಇಂಚಿನಿಂದ 1 ಇಂಚು ನೀರು ಹೋಗೋ ಕಡೆಗೆ ಇಳಿದಿರಲಿ. ಅದರ ಮೇಲೆ ವಾಟರ್‌ಪ್ರೂಫ್ ಎರಡು ಕೈ ಹಚ್ಚಿಸಿ, ಗೋಡೆಗೂ ಒಂದು ಅಡಿ ಏರಿಸಿ. ಪೈಪಿನ ಸುತ್ತ ಮತ್ತು ಗೋಡೆ ಮೂಲೆಯಲ್ಲಿ ಬಲೆಪಟ್ಟಿ ಕೂರಿಸಿ ಹಚ್ಚಬೇಕು, ನೀರು ಸೋರೋದು ಅಲ್ಲಿಂದಲೇ. ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಮಟ್ಟಕ್ಕೆ ಗೋಡೆಯಲ್ಲಿ ಗುರುತು ಹಾಕಿ. ಮಾರನೇ ದಿನ ನೀರು ಗುರುತಿನಲ್ಲೇ ಇದ್ದು, ಆಚೆ ಬದಿಯ ಗೋಡೆ ಒಣಗಿದ್ದರೆ ಟೈಲ್ಸಿನವರಿಗೆ ಬರೋಕೆ ಹೇಳಿ.